ಬಿಳಿ ಹೆಪ್ಪು ಹಾಕುವ ಅಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪಂಪೊಂದು ಟಕ್ ಟಕ್ ಎನ್ನುತ್ತ ಗಾಜಿನಂಥ ಕೊಳವೆಗಳೊಳಗೆ ಮೈಬಿಸಿಯ ನೀರನ್ನು ತಳ್ಳುತ್ತಿದೆ. ಕೊಳವೆಗಳು ಕವಲೊಡೆದು, ಬಳುಕಿ, ಒಂದು ತಲೆಯಷ್ಟು ಜಾಗದಲ್ಲಿ ಹರಡಿಕೊಂಡಿವೆ. ತಲೆ ಮಾತ್ರ ಇಲ್ಲ. ಎದುರಿಗೆ ಕುಳಿತ ಹೆಂಗಸು ಪುಟ್ಟ ಸೀಸೆಯನ್ನು ಓರೆ ಮಾಡಿ, ಗಟ್ಟಿಯಾಗಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಇವರು ಹೆಪ್ಪು ಹಾಕುವುದು ಹಾಲಿಗಲ್ಲ, ರಕ್ತಕ್ಕೆ.

ಆಸ್ಪತ್ರೆಯವರ ಬಾಯಲ್ಲಿ ಇವರು ಹೆಪ್ಪಕ್ಕ. ಮೊದಲು ಡೇರಿಯ ಮೊಸರು ವಿಭಾಗದಲ್ಲಿದ್ದರು. ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಹೊಡೆದವರ ತಲೆಯಿಂದ ಪುಟ್ಟ ಬಲೆ ಹಾಕಿ ಹೆಪ್ಪು ಎಳೆಯುವುದನ್ನು ಹೊಸ ವೈದ್ಯರು ಇಲ್ಲಿ ಕಲಿಯುತ್ತಾರೆ. ಎಳೆಯಲು ಹೆಪ್ಪು ಬೇಕಲ್ಲ! ಕಸಾಯಿಖಾನೆಯಿಂದ ಬಂದ ರಕ್ತವನ್ನು ಯಂತ್ರದಲ್ಲಿ ಗರಗರ ತಿರುಗಿಸಿದರೆ ಕೆಂಪು ತಳಕ್ಕಿಳಿದು ತಿಳಿ ಮೇಲೆ ನಿಲ್ಲುತ್ತದೆ. ಕೆಂಪು ಹೆಚ್ಚಿದ್ದರೆ ಮೆತ್ತನೆಯ ಕೆಂಪು ಹೆಪ್ಪು, ಬರೀ ತಿಳಿಯಾದರೆ ರಬ್ಬರಿನಂಥ ಬಿಳಿ ಹೆಪ್ಪು.

"ಕೆಂಪು ಹೆಪ್ಪು ಪಾಪದ್ದು. ಸ್ಕ್ಯಾನ್‌ನಲ್ಲಿ ಬೆಳ್ಳಗೆ ಹೊಳೆದು ಇಲ್ಲಿದೀನಿ ಅನ್ನುತ್ತೆ. ಈ ಬಿಳಿದಿದೆಯಲ್ಲ, ಇದು ಕಳ್ಳ. ಒಳಗೆ ಕೂತಿದ್ರೂ ಕಾಣಿಸ್ಕೊಳ್ಳಲ್ಲ."

ಇವರ ಬಗ್ಗೆ ಬರೆಯಲು ಬಂದ ನನಗೆ ನಂಬಿಕೆ ಬರಲಿಲ್ಲ ಎಂದು ಬಿಳಿ ಹೆಪ್ಪೊಂದನ್ನು ಒಳಗೆ ಬಿಟ್ಟು ಕೊಳವೆಗಳನ್ನು ಸ್ಕ್ಯಾನ್ ಕೋಣೆಗೆ ಒಯ್ಯುತ್ತಾರೆ. ನನ್ನ ಕಣ್ಣೆದುರೇ ಒಳಗೆ ಹೋದ ಹೆಪ್ಪು ಪರದೆಯ ಮೇಲೆ ಇಲ್ಲವೇ ಇಲ್ಲ. ಬಣ್ಣದ ಔಷಧ ಹರಿಸಿದಾಗ ಮಾತ್ರ ಒಂದು ಕವಲು ತಿರುವಿನಲ್ಲಿ ತಟಕ್ಕನೆ ನಿಂತುಬಿಡುತ್ತದೆ.

"ಆ ತಿರುವು ನನ್ನ ತಮ್ಮಂದು," ಎನ್ನುತ್ತಾರೆ ಹೆಪ್ಪಕ್ಕ.

ಹಲ್ಲುಜ್ಜುತ್ತಿದ್ದ ತಮ್ಮ ಹಾಗೇ ಕುಸಿದು ಬಿದ್ದಿದ್ದ. ಎಷ್ಟು ಸಲ ಬಲೆ ಹಾಕಿದರೂ ಬಿಳಿ ಹೆಪ್ಪು ಜಾರಿಕೊಂಡು ಅಲ್ಲೇ ಉಳಿಯಿತು. ಬಲಗೈ, ಬಲಗಾಲು, ಮಾತು ಎಲ್ಲವೂ ಹೋದವು. ಮುಂದೆ ಮನೆಯವರ ಒಪ್ಪಿಗೆ ಪಡೆದು ಆಸ್ಪತ್ರೆ ಅವನ ಸ್ಕ್ಯಾನ್‌ನಿಂದಲೇ ಈ ಕೊಳವೆ ಮಾಡಿಸಿದಾಗ ಅಕ್ಕ ಡೇರಿ ಬಿಟ್ಟು, ಈ ಕೆಲಸ ಕೇಳಿಕೊಂಡು ಬಂದರು. "ಬೆಳಿಗ್ಗೆ ಅವನ ತಲೆಗೆ ಹೆಪ್ಪು ಇಡ್ತೀನಿ, ಸಂಜೆ ಅವನ ಬಾಯಿಗೆ ತುತ್ತು ಇಡ್ತೀನಿ. ಆ ತಿರುವಿಂದ ಬಿಳಿದು ಇಡಿಯಾಗಿ ಬರೋದನ್ನ ಒಂದ್ಸಲ ನೋಡ್ಬೇಕು."

ಇದುವರೆಗೆ ಯಾರಿಗೂ ಬಂದಿಲ್ಲ. ಇವತ್ತು ಕಿರಿಯ ವೈದ್ಯೆಯೊಬ್ಬರ ಸರದಿ. ಬಲೆ ಜಾರುತ್ತದೆ, ಮತ್ತೆ ಜಾರುತ್ತದೆ. ನಡುಮಧ್ಯಾಹ್ನದ ಹೊತ್ತಿಗೆ ಬಿಳಿ ಹೆಪ್ಪು ಇಡಿಯಾಗಿ ಹೊರಬರುತ್ತದೆ. ಹೆಪ್ಪಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇರುತ್ತಾರೆ. ಅವರ ಕಣ್ಣು ತುಂಬುತ್ತದೆ, ನನ್ನದೂ.

ಸಂಜೆ ಅವರ ಮನೆಗೆ ಹೋಗುತ್ತೇನೆ. ಕಿಟಕಿಯ ಬಳಿ ಕುರ್ಚಿಯಲ್ಲಿ ತಮ್ಮ ಇದ್ದಾನೆ. ಅವನಿಗೆ ಉಳಿದಿರುವುದು ಒಂದೇ ಮಾತು, ಸಾಕು. ನೀರು ಬೇಕಾ ಎಂದರೂ ಸಾಕು, ದೀಪ ಹಾಕಲಾ ಎಂದರೂ ಸಾಕು. ಹೆಪ್ಪಕ್ಕ ಕೈಕಾಲು ತೊಳೆಯಲು ಹೋದಾಗ ಅವರ ತಾಯಿ ನನ್ನ ಬಳಿ ಬಂದು ದನಿ ತಗ್ಗಿಸುತ್ತಾರೆ.

"ಇವಳು ಕೆಲಸಕ್ಕೆ ಹೋದ್ಮೇಲೆ ತಲೆಯ ಎಡಗಡೆ ಒತ್ತಿಕೊಂಡು ಸಾಕು, ಸಾಕು ಅಂತಿರ್ತಾನೆ. ರಜೆ ದಿನ ಸುಮ್ಮನಿರ್ತಾನೆ. ಇವತ್ತು ಯಾಕೋ ಮಧ್ಯಾಹ್ನಕ್ಕೇ ಕೈ ತೆಗೆದ."

ಬಾಗಿಲಲ್ಲಿ ನಿಂತ ಹೆಪ್ಪಕ್ಕನಿಗೆ ಅದು ಕೇಳಿಸಿದೆ. ರಜೆ ದಿನ ತಾನು ಮನೆಯಲ್ಲಿರುವುದರಿಂದ ಹಾಗಿರಬಹುದು ಎನ್ನುತ್ತಾರೆ. ಆಮೇಲೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, "ಅಲ್ಲಿ ಇಟ್ಟಿದ್ದು ಇಲ್ಲಿ ಅವನಿಗೆ ನೋಯುತ್ತೆ ಅಂತ ನಂಗೂ ಗೊತ್ತು. ಆದ್ರೆ ನಾನು ಹಾಕೋದು ಬಿಟ್ರೆ, ಇನ್ಯಾರದೋ ತಮ್ಮ ಬಿದ್ದಾಗ ತೆಗೆಯೋಕೆ ಯಾರಿಗೆ ಬರುತ್ತೆ?" ಎನ್ನುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದರೆ, ಅವನು ಒಂದೇ ಒಂದು ಸಲ ಬೇಕು ಅನ್ನಲಿ, ಏನು ಬೇಕಾದರೂ ಸರಿ, ಅಷ್ಟೇ ಎನ್ನುತ್ತಾರೆ. ಮತ್ತೆ ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, "ಇವತ್ತು ಇಡೀ ಬಂತು ಕಣೋ. ನಾಳೆ ಇನ್ನೊಬ್ಬರು ಕಲಿಯೋಕೆ ಬರ್ತಾರೆ. ಹಾಕ್ಲಾ?" ಎಂದು ಕೇಳುತ್ತಾರೆ.

ಅವನು ಎಡಗೈಯನ್ನು ಮೆಲ್ಲಗೆ ಎತ್ತಿ ತಲೆಯ ಎಡಗಡೆ ಒತ್ತಿಕೊಳ್ಳುತ್ತಾನೆ. ಅಕ್ಕನ ಮುಖವನ್ನೇ ನೋಡುತ್ತಾನೆ. ಸಾಕು ಎನ್ನುವುದಿಲ್ಲ.