ತುಳಸಿ ಕಟ್ಟೆಯ ಹಳದಿ ಹುಳ

ಸ್ಪಿರಿಟ್ಟಿಗೆ ಹಾಕಿದ ಕೂಡಲೇ ನನ್ನ ಹಳದಿ ಹುಳ ಬೆಳ್ಳಗಾಯಿತು, ಸ್ಪಿರಿಟ್ಟು ಹಳದಿಯಾಯಿತು.

ಐವತ್ತರ ದಶಕದಲ್ಲಿ ನಾನು ಬಸವನಗುಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಅದು ಮಣ್ಣಿನಲ್ಲಿ ನೆಗೆದಾಡುವ, ಸಾಸಿವೆಗಿಂತ ಚಿಕ್ಕ ಹುಳ. ನಮ್ಮ ಪುಸ್ತಕದಲ್ಲಿ ಇಂಥ ಹಳದಿಯದು ಇರಲಿಲ್ಲ. ಹೊಸ ಜಾತಿಯೇ ಇರಬೇಕೆಂದು ಮನೆಯಲ್ಲಿ ಜಂಬ ಕೊಚ್ಚಿದ್ದೆ. ಅದನ್ನು ನೋಡಲೆಂದೇ ಅಪ್ಪ ಜರಿಪೇಟ ಸುತ್ತಿಕೊಂಡು ಲ್ಯಾಬಿಗೆ ಬಂದಿದ್ದರು.

ಮೇಷ್ಟ್ರು ತಲೆ ಎತ್ತಿದರು. “ಮಣ್ಣು ಎಲ್ಲಿಂದ ತಂದ್ಯಮ್ಮ?”

“ನಮ್ಮನೆ ತುಳಸಿ ಕಟ್ಟೆಯಿಂದ ಸಾರ್.”

“ಹಾಗಾದ್ರೆ ಇದು ನಿಮ್ಮಮ್ಮ ಹಾಕಿರೋ ಅರಿಶಿನ. ಬಣ್ಣ ನಂಬಬಾರ್ದು. ಮೀಸೇಲಿ ಎಷ್ಟು ಗೆಣ್ಣಿದೆ, ಹೊಟ್ಟೆ ಕೆಳಗೆ ನೆಗೆಯೋ ಕವೆ ಹೇಗಿದೆ, ಅದನ್ನ ನೋಡ್ಬೇಕು.”

ಎಲ್ಲರೂ ನಕ್ಕರು. ಅಪ್ಪನೂ ನಗಲು ನೋಡಿದರು, ಆಗಲಿಲ್ಲ. ವಾಪಸು ಬರುವಾಗ ಪೇಟ ಅವರ ಕಂಕುಳಲ್ಲಿತ್ತು.

ಮರುದಿನ ಬೆಳಿಗ್ಗೆ ತುಳಸಿಗೆ ಬರೀ ಕುಂಕುಮವಿತ್ತು. ಕೇಳಿದ್ದಕ್ಕೆ ಅಮ್ಮ, “ನಿನ್ನ ಹುಳದ ಮೇಲೆ ಮತ್ತೆ ಬಿದ್ದೀತು ಅಂತ ಅರಿಶಿನ ಇಡ್ಲಿಲ್ಲ ಕಣೇ” ಎಂದಳು, ತಪ್ಪು ಮಾಡಿದವಳು ತಾನೇ ಎಂಬಂತೆ.

ಲ್ಯಾಬಿನ ನಗು ನಾಲ್ಕು ದಿನಕ್ಕೆ ಮರೆತುಹೋಯಿತು. ಆ ಬೆಳಿಗ್ಗೆ ಮಾತ್ರ ಮರೆತಿಲ್ಲ. ಅರಿಶಿನದ ಬಟ್ಟಲು ತಂದು ನಾನೇ ತುಳಸಿಗೆ ಹಚ್ಚಿದೆ. ತಿರುಗಿ ಅಮ್ಮನ ಮುಖ ನೋಡಲು ಆಗಲಿಲ್ಲ.