ತಾಳ ತಪ್ಪದವನು

ಎಂಬತ್ತರ ದಶಕದ ಒಂದು ಸಂಜೆ. ಪುಣೆಯಲ್ಲಿ ಮೈದಾನದ ಸಂಗೀತ ಕಛೇರಿಗೆ ಒಬ್ಬಳೇ ಹೋಗಿದ್ದೆ. ಕೂರಲು ಏನೂ ಒಯ್ದಿರಲಿಲ್ಲ. ಅಪರಿಚಿತನೊಬ್ಬ ತನ್ನ ಜಮಖಾನೆಯಲ್ಲಿ ಅರ್ಧ ಬಿಟ್ಟುಕೊಟ್ಟ. ತೊಡೆಯ ಮೇಲೆ ತಾಳ ಹಾಕುತ್ತಿದ್ದ, ಒಮ್ಮೆಯೂ ತಪ್ಪಲಿಲ್ಲ. ಯಾರು ಪಿಸುಗುಟ್ಟಿದರೂ ಬೆರಳೆತ್ತಿ, “ಐಕಾ, ಐಕಾ” ಎನ್ನುತ್ತಿದ್ದ. ಕೇಳಿ, ಕೇಳಿ ಎಂದು.

ಮಧ್ಯಂತರದಲ್ಲಿ ನನ್ನನ್ನು ಚಹಾಕ್ಕೆ ಕರೆದ. ಹೋದೆ. ವಿಜಾಪುರದವಳೆಂದು ಹೇಳಲಿಲ್ಲ; ಪುಣೆಯಲ್ಲಿ ಮನೆಯ ಹೊಸ್ತಿಲು ದಾಟಿದರೆ ನಾವೆಲ್ಲ ಮರಾಠಿಯವರೇ.

ಬಿಸಿ ಚಹಾ ಅವನ ಕೈಮೇಲೆ ಚೆಲ್ಲಿತು. “ಯವ್ವಾ, ಕೈ ಸುಡ್ತು!” ಎಂದ.

ನಮ್ಮ ಕಡೆಯವನೇ! ಖುಷಿಯಿಂದ ಬಾಯಿ ತೆರೆಯುವಷ್ಟರಲ್ಲಿ, ಆ ಮಾತು ಕೇಳಿಸಿಕೊಂಡ ಮುದುಕಿಯೊಬ್ಬಳು ಓಡಿಬಂದಳು. ಸೀರೆಯ ತುಂಬ ಸಿಮೆಂಟು, ಕಂಕುಳಲ್ಲಿ ಗಂಟು.

“ಯಪ್ಪಾ, ಸ್ವಾರಗೇಟಿಗೆ ಯಾ ಕಡಿ ಹೋಗಬೇಕ್ರೀ? ಊರಿನ ಬಸ್ ತಪ್ತದ.”

ಅವನು ನನ್ನತ್ತ ನೋಡಿದ. ಮುಖ ಕೆಂಪಾಗಿತ್ತು. ನಮಗಿಬ್ಬರಿಗೂ ಕನ್ನಡ ಬರುವುದಿಲ್ಲ ಎಂದು ಅವಳಿಗೆ ಮರಾಠಿಯಲ್ಲಿ ಹೇಳಿದ.

ಸ್ವಾರಗೇಟಿನ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನ ಮಾತಿಗೆ ಹೌದೆಂದು ತಲೆಯಾಡಿಸಿದೆ. ಅವನ ಜೊತೆಗಿನ ಆ ಸಂಜೆ ಕೆಡುವುದು ನನಗೆ ಬೇಕಿರಲಿಲ್ಲ.

ಮುದುಕಿ ನನ್ನ ಮುಖವನ್ನೇ ನೋಡಿದಳು. “ಇರ್ಲಿ ಬಿಡವ್ವ ತಂಗಿ” ಎಂದು ಹೊರಟಳು. ಹೋದದ್ದು ಸ್ವಾರಗೇಟಿಗೆ ಬೆನ್ನು ಹಾಕಿ, ಹಡಪಸರದ ದಿಕ್ಕಿಗೆ.

ತಂಬೂರಿ ಮತ್ತೆ ಶುರುವಾಯಿತು. ಜಮಖಾನೆಗೆ ಮರಳಿದೆವು. ಅವನು ಬೆರಳೆತ್ತಿ, “ಐಕಾ” ಎಂದ. ಸುಟ್ಟ ಕೈಯಲ್ಲೂ ಅವನ ತಾಳ ತಪ್ಪಲಿಲ್ಲ. ನಾನು ಮತ್ತೆ ತಲೆಯಾಡಿಸಿದೆ.