ಪಾಲಪ್ಪ ಮೇಸ್ತ್ರಿಗಳ ಮೊಣಕಾಲು ಮತ್ತು ಒಂದು ಗುಂಡಿ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಪಾಲಪ್ಪ ಮೇಸ್ತ್ರಿಗಳ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಬೋರ್ಡು ಬೇಕಾಗುವುದು ಯಾರಿಗೂ ಗೊತ್ತಿಲ್ಲದವರಿಗೆ ಎಂಬುದು ಅವರ ನಂಬಿಕೆ. ಅದಿರಿನ ಲಾರಿಗಳ ಮುರಿದ ಸ್ಪ್ರಿಂಗ್ ಪಟ್ಟಿ ಬದಲಿಸುವುದು ಅವರ ಕೆಲಸ. ನಮ್ಮ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ಆ ವರ್ಷಗಳಲ್ಲಿ ಹತ್ತು ಟನ್ನಿನ ಗಾಡಿ ಹದಿನೆಂಟು ಟನ್ ಹೊತ್ತು ಬರುತ್ತಿತ್ತು. ಪಟ್ಟಿ ಮುರಿಯದೆ ಇನ್ನೇನು ಮಾಡೀತು. ಮೇಸ್ತ್ರಿಗಳು ರಸ್ತೆಗೆ ಬೆನ್ನು ಹಾಕಿ ಚಹಾ ಕುಡಿಯುತ್ತಲೇ, ಬರುವ ಲಾರಿಯ ಸದ್ದು ಕೇಳಿ, "ಹಿಂದಿನ ಎಡಕ್ಕ, ಮೂರನೇ ಪಟ್ಟಿ" ಎನ್ನುತ್ತಿದ್ದರು. ಲಾರಿ ನಿಲ್ಲಿಸಿ ನೋಡಿದರೆ ಅದೇ ಆಗಿರುತ್ತಿತ್ತು. ಆಮೇಲೆ ಡ್ರೈವರನಿಗೆ ಬೈಗುಳ: "ಓವರ್‌ಲೋಡ್ ಹಾಕ್ಕೊಂತೀರಿ, ಮುರ್ಕೊಂಡು ಬರ್ತೀರಿ. ಅದೇನು ಕಬ್ಬಿಣ ಅಂದ್ಕೊಂಡೀರೇನು?" ಪಟ್ಟಿ ಕಬ್ಬಿಣದ್ದೇ ಎಂದು ಯಾರೂ ಎದುರಾಡುತ್ತಿರಲಿಲ್ಲ.

ಮೂವತ್ತು ವರ್ಷ ಲಾರಿಯ ಕೆಳಗೆ ಕುಕ್ಕುರುಗಾಲಿನಲ್ಲಿ ಕೂತ ಮೇಲೆ, ಐವತ್ತೆಂಟನೇ ವಯಸ್ಸಿಗೆ ಅವರ ಬಲ ಮೊಣಕಾಲು ಮುಷ್ಕರ ಹೂಡಿತು. ಎಕ್ಸ್‌ರೇಯನ್ನು ಡಾಕ್ಟರು ನೋಡುವ ಮೊದಲೇ ಮೇಸ್ತ್ರಿಗಳು ಆಕಾಶಕ್ಕೆ ಹಿಡಿದು ತೀರ್ಪು ಕೊಟ್ಟರು: "ಕೀಲಿನ ಬುಷ್ ಸವೆದೈತಿ. ಗ್ರೀಸ್ ಖಾಲಿ. ಗಾಡಿ ನಿಲ್ಲಿಸಬೇಕು."

ಡಾಕ್ಟರು ಹೇಳಿದ ವ್ಯಾಯಾಮದ ಮಾತು ಕಿವಿಗೆ ಬೀಳಲಿಲ್ಲ. ಗ್ಯಾರೇಜಿನ ಮುಂದೆ ಮಂಚ ಹಾಕಿಸಿ, ನಾಲ್ಕು ತಿಂಗಳು ಮಲಗಿದಲ್ಲಿಂದಲೇ ಕೆಲಸದವರಿಗೆ ಹುಕುಂ ಕೊಟ್ಟರು. ತೊಡೆ ತೆಳ್ಳಗಾಯಿತು, ಹೊಟ್ಟೆ ಮುಂದೆ ಬಂತು, ಏಳಲು ಹೆಂಡತಿ ಎರ್ರೆಮ್ಮನ ಹೆಗಲು ಬೇಕಾಯಿತು. ಮೇಸ್ತ್ರಿ ಕೆಳಗಿಳಿಯದ ಗ್ಯಾರೇಜಿಗೆ ಲಾರಿಗಳೂ ಕಡಿಮೆಯಾದವು.

"ಇದನ್ನ ಮುಚ್ಚಿ ಎಮ್ಮಿಗನೂರಿಗೆ ಹೋಗೋಣು," ಎಂದಳು ಎರ್ರೆಮ್ಮ. "ನನ್ನ ತಮ್ಮ ಬರ್ರಿ ಅಂತಾನ. ಭತ್ತಕ್ಕ ಬರೋ ಗುಬ್ಬಿ ಓಡಿಸ್ಕೊಂತ ಕುಂದ್ರಬಹುದು."

ಹೆಂಡತಿಯ ತಮ್ಮನ ಗದ್ದೆಯಲ್ಲಿ ಗುಬ್ಬಿ ಓಡಿಸುವ ಪಾಲಪ್ಪ ಮೇಸ್ತ್ರಿ. ಆ ಚಿತ್ರವೇ ಅವರನ್ನು ಮಂಚದಿಂದ ಎಬ್ಬಿಸಿತು. ಎರ್ರೆಮ್ಮ ಗಡುವು ಕೊಟ್ಟಳು: ಡಾಕ್ಟರು ಹೇಳಿದ ವ್ಯಾಯಾಮದ ಕ್ಲಾಸಿಗೆ ಎರಡು ತಿಂಗಳು ಹೋಗಬೇಕು. ಆಮೇಲೂ ಲಾರಿಯ ಕೆಳಗೆ ಹೋಗಲಾಗದಿದ್ದರೆ ಎಮ್ಮಿಗನೂರು.

ಕ್ಲಾಸು ವಾರಕ್ಕೆರಡು ಸಲ, ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ನಾನೂ ಇದ್ದೆ, ನನ್ನ ಮೊಣಕಾಲು ನೋವಿಗೆ ಆಫೀಸಿನ ಕುರ್ಚಿ ಬೆಚ್ಚಗಿಟ್ಟದ್ದಕ್ಕಿಂತ ಘನವಾದ ಕಾರಣವಿರಲಿಲ್ಲ. ಕಲಿಸುತ್ತಿದ್ದವಳು ಪೂಜಿತಾ ಎಂಬ ಫಿಸಿಯೋಥೆರಪಿಯ ಹುಡುಗಿ.

"ಮೊಣಕಾಲು ಲಾರಿ ಅಲ್ರಿ ಮೇಸ್ತ್ರಿ," ಎಂದಳು ಮೊದಲ ದಿನವೇ. "ಲಾರಿ ಓಡಿದಷ್ಟೂ ಸವೀತೈತಿ. ಇದು ಓಡದಿದ್ರ ಕೆಡತೈತಿ. ತೊಡಿ ಗಟ್ಟಿ ಆದ್ರ ಕೀಲಿನ ಭಾರ ಅದು ಹೊರತೈತಿ. ನೀವು ಅದನ್ನ ಮಲಗಿಸಿ ಸೊರಗಿಸೀರಿ."

"ಸವೆದ ಬುಷ್ ತಿರುಗಿಸಿದ್ರ ಇನ್ನಷ್ಟು ಸವಿಯಂಗಿಲ್ಲೇನವ್ವ?"

"ಬುಷ್ಷಿಗೆ ಜೀವ ಇಲ್ಲ, ನಿಮಗೈತಿ. ತೂಕದ ಮಷೀನ್ ಹತ್ರಿ."

ತೊಂಬತ್ತೊಂದು ಕಿಲೋ. ಹಿಂದಿನ ಸಾಲಿನ ಹೆಂಗಸೊಬ್ಬಳು "ಓವರ್‌ಲೋಡ್" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅವಳ ಮಗ ಲಾರಿ ಡ್ರೈವರ್ ಎಂದು ಆಮೇಲೆ ತಿಳಿಯಿತು.

ವ್ಯಾಯಾಮ ನೋಡಲು ಏನೂ ಅಲ್ಲ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ ಐದು ಎಣಿಸುವುದು. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಹತ್ತು ಸಲ. ಹತ್ತು ಎಂಬುದು ಮೇಸ್ತ್ರಿಗಳಿಗೆ ಅವಮಾನದಂತೆ ಕಂಡಿತು. ಮನೆಗೆ ಹೋಗಿ ಅರವತ್ತು ಮಾಡಿದರು. ಮರುದಿನ ಮೊಣಕಾಲು ಊದಿಕೊಂಡು ಸಣ್ಣ ಕುಂಬಳಕಾಯಿಯಾಯಿತು. ಮುಂದಿನ ಕ್ಲಾಸಿಗೆ ಅದನ್ನು ಸಾಕ್ಷಿಯಂತೆ ಹೊತ್ತು ತಂದರು.

"ನೋಡವ್ವ. ನಾ ಹೇಳಿದ್ದಿಲ್ಲೇನು?"

ಪೂಜಿತಾ ಕೇಳಿದಳು: "ಹೊಸ ಪಟ್ಟಿ ಹಾಕಿದ ದಿನಾನ ಗಾಡಿನ ಫುಲ್ ಲೋಡ್ ಕಳಸ್ತೀರೇನು?"

"ಯಾರು ಕಳಸ್ತಾರ? ಎರಡು ಟ್ರಿಪ್ ಕಮ್ಮಿ ಲೋಡು. ಬಂದ ಮ್ಯಾಲ ಬೋಲ್ಟ್ ಬಿಗಿ ಮಾಡಿ, ಆಮ್ಯಾಲ ಜಾಸ್ತಿ."

"ಮತ್ತ ಕಾಲಿಗೆ?"

ಮೇಸ್ತ್ರಿಗಳು ಊದಿದ ಮೊಣಕಾಲು ಸವರಿ, "ಮೊಣಕಾಲು ಲಾರಿ ಅಲ್ಲ ಅಂದಿದ್ದಿ," ಎಂದರು.

"ಬೇಕಾದಾಗ ಲಾರಿನ ರೀ. ಮಾಡುವಾಗ ಸ್ವಲ್ಪ ನೋಯಲಿ. ಮರುದಿನ ಮುಂಜಾನೆ ಮೊದಲಿನಂಗ ಇದ್ರ ಲೋಡು ಸರಿ. ನೋವು ಹೆಚ್ಚಿದ್ರ ಇಳಸ್ರಿ."

ಈ ಲೆಕ್ಕ ಅವರಿಗೆ ಹಿಡಿಸಿತು. ಊತ ಇಳಿದ ಮೇಲೆ ಹತ್ತರಿಂದ ಶುರುಮಾಡಿ, ವಾರಕ್ಕಿಷ್ಟು ಎಂದು ಏರಿಸಿದರು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಎರ್ರೆಮ್ಮ ಹೆಗಲು ಕೊಡಲು ಬಂದಾಗ ಅವರು ಆಗಲೇ ಎದ್ದು ನಿಂತಿದ್ದರು.

ಆದರೆ ಕುಕ್ಕುರುಗಾಲು ಮಾತ್ರ ಬ್ಯಾಡ ಎಂದಳು ಪೂಜಿತಾ, ಗಂಟೆಗಟ್ಟಲೆಯಂತೂ ಬ್ಯಾಡವೇ ಬ್ಯಾಡ. ಉಳಿದ ದಾರಿ ಒಂದೇ: ನೆಲ ಅಗೆದು ಗುಂಡಿ ಮಾಡಿ, ಅದರ ಮೇಲೆ ಲಾರಿ ನಿಲ್ಲಿಸಿ, ಕೆಳಗೆ ನಿಂತು ಕೆಲಸ ಮಾಡುವುದು. ಮೇಸ್ತ್ರಿಗಳು ಮೂವತ್ತು ವರ್ಷ ಗೇಲಿ ಮಾಡಿದ್ದು ಇದನ್ನೇ. ನಿಂತು ಮಾಡುವವನು ಬಸ್ ಡಿಪೋ ನೌಕರ, ಮೇಸ್ತ್ರಿಯಾದವನು ಕೂತು ಮಾಡಬೇಕು ಎನ್ನುತ್ತಿದ್ದರು. ಎರಡು ದಿನ ಗುಂಡಿಯ ಮಾತೆತ್ತಿದವರಿಗೆಲ್ಲ ಬೈದರು. ಮೂರನೇ ದಿನ ಗುದ್ದಲಿ ತರಿಸಿದರು.

ಆ ಕಾಲದಲ್ಲಿ ನಮ್ಮ ಕಡೆ ಯಾರೇ ಗುಂಡಿ ತೋಡಿದರೂ ಅದಕ್ಕೆ ಒಂದೇ ಅರ್ಥವಿತ್ತು. ಸಂಜೆಯ ಹೊತ್ತಿಗೆ ಪಕ್ಕದ ಹಿಟ್ಟಿನ ಗಿರಣಿಯ ಕೊಟ್ರಯ್ಯ, ಅಗೆದ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದ.

"ಕಬ್ಬಿಣ ಎಷ್ಟು ಪರ್ಸೆಂಟ್ ಐತಿ ಮೇಸ್ತ್ರಿ? ನಿಮ್ಮ ಜಾಗದಾಗ ಐತೆಂದ್ರ ನನ್ನ ಗಿರಣಿ ಕೆಳಗೂ ಇರಬೇಕಲ್ಲ."

"ಅದಿರಿಲ್ಲೋ ಮಾರಾಯ."

"ಮತ್ತ ಒಳಗ ಏನೈತಿ?"

"ನನ್ನ ಮೊಣಕಾಲೈತಿ."

ಕೊಟ್ರಯ್ಯ ನಂಬಲಿಲ್ಲ. ಮಣ್ಣಿನ ಗಂಟನ್ನು ಜೋಪಾನವಾಗಿ ಒಯ್ದ.

ಗಡುವಿನ ದಿನ ಎರ್ರೆಮ್ಮನ ತಮ್ಮ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಪಾತ್ರೆಗಳ ಗಂಟು ಬಾಗಿಲಲ್ಲಿತ್ತು. ಗುಂಡಿಯ ಮೇಲೆ ಒಂದು ಅದಿರಿನ ಲಾರಿ ನಿಂತಿತ್ತು. ಮೇಸ್ತ್ರಿಗಳು ಪೂಜಿತಾ ಕಲಿಸಿದಂತೆ ಕಂಬಿ ಹಿಡಿದು, ನೋಯುವ ಕಾಲು ಮೊದಲು ಇಟ್ಟು, ಮೆಟ್ಟಿಲಿಳಿದರು. ಏಳು ಮೆಟ್ಟಿಲು. ಎರ್ರೆಮ್ಮ ಮೇಲೆ ನಿಂತು ಒಂದೊಂದನ್ನೂ ಎಣಿಸುತ್ತಿದ್ದಳು. ಕೆಳಗಿನಿಂದ ಸುತ್ತಿಗೆಯ ಸದ್ದು ಬಂತು, ಆಮೇಲೆ ಡ್ರೈವರನಿಗೆ ಬೈಗುಳ. ಅರ್ಧ ಗಂಟೆಯ ಮೇಲೆ, ಗಟ್ಟಿ ಕಾಲು ಮೊದಲು ಇಟ್ಟು, ನಿಧಾನಕ್ಕೆ ಹತ್ತಿ ಬಂದರು. ನೋವು ಮುಖದಲ್ಲಿತ್ತು, ಅಡಗಿಸಲಿಲ್ಲ.

"ಮಾವ, ಸಾಮಾನು ಏರಿಸ್ಲೇನು?" ಎಂದ ತಮ್ಮ.

ಮೇಸ್ತ್ರಿಗಳು ಕೈಯ ಗ್ರೀಸ್ ಒರೆಸಿಕೊಂಡರು. "ನಿನ್ನ ಟ್ರೇಲರ್ ತಿರುವಿನಾಗ ಬರುವಾಗಲೇ ಕೇಳಿಸ್ತು. ಬಲಗಡಿ ಪಟ್ಟಿ ಸೀಳೈತಿ. ಖಾಲಿ ಹೋದ್ರ ಊರು ಮುಟ್ಟತೈತಿ, ಲೋಡ್ ಹಾಕಿದ್ರ ಇಲ್ಲ."

ಎರ್ರೆಮ್ಮ ಬಾಗಿಲಿಗೆ ಹೋಗಿ ಗಂಟು ಬಿಚ್ಚಿ, ಚಹಾದ ಪಾತ್ರೆಯನ್ನಷ್ಟೇ ಹೊರತೆಗೆದಳು. ಉಳಿದ ಪಾತ್ರೆಗಳು ಇನ್ನೂ ಒಂದು ವಾರ ಗಂಟಿನಲ್ಲೇ ಇದ್ದವು.